ದೀರ್ಘ ಬಿಡುವಿನ ನಂತರ ಕುದುರೆಯನ್ನು ಸವಾರಿಗೆ ಮರಳಿಸುವಾಗ ಕಾಣುವ ದೋಷಗಳು: ಪತ್ತೆ ಮತ್ತು ನಿವಾರಣೆ

ಮೂಡಿಗೆರೆಯ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವವರೆಗೂ ಬಿಡುವುದಿಲ್ಲ. ಕಾಲುದಾರಿಗಳು ಪಾಚಿಗಟ್ಟಿ ಜಾರುತ್ತವೆ, ಇಂಬಳಗಳು ಹತ್ತುತ್ತವೆ, ಜೀನಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಹೀಗಾಗಿ ಕಾಫಿ ತೋಟದಲ್ಲಿ ಕುದುರೆ ಸಾಕಿದವರಿಗೆ ವರ್ಷಕ್ಕೆ ನಾಲ್ಕು ತಿಂಗಳ ಬಿಡುವು ಬೇಡವೆಂದರೂ ಬಂದೇ ಬರುತ್ತದೆ. ಅಕ್ಟೋಬರಿನಲ್ಲಿ ಬಿಸಿಲು ಕಂಡೊಡನೆ ಜೀನು ಬಿಗಿದು ಹೊರಟರೆ ಮೊದಲ ಎರಡು ವಾರ ಬಹುಪಾಲು ಕುದುರೆಗಳು ಚೆನ್ನಾಗಿಯೇ ನಡೆಯುತ್ತವೆ. ತೊಂದರೆಗಳು ತಲೆಯೆತ್ತುವುದು ಅದಾದ ಮೇಲೆ. ಜೀನು ಕಂಡೊಡನೆ ಕಿವಿ ಹಿಂದಕ್ಕೆ ಮಡಚುವುದು, ಇಳಿಜಾರಿನಲ್ಲಿ ಹೆಜ್ಜೆ ಮೊಟಕಾಗುವುದು, ಒಂದೇ ದಿಕ್ಕಿಗೆ ತಿರುಗಲು ಒಲ್ಲದಿರುವುದು, ಓಟಕ್ಕೆ ಎತ್ತಿದ ಕ್ಷಣ ಹಿಂಗಾಲು ಝಾಡಿಸುವುದು, ಇವೆಲ್ಲ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಇವಕ್ಕೆಲ್ಲ ನಮ್ಮ ಕಡೆ ಸಿದ್ಧವಾಗಿರುವ ವಿವರಣೆ ಒಂದೇ: "ಕೂತು ತಿಂದು ಕೊಬ್ಬಿದೆ." ಆ ಮಾತು ನಿಜವಾದದ್ದನ್ನು ನಾನು ಕಂಡಿರುವುದು ಬಹಳ ಅಪರೂಪ. ಹೆಚ್ಚಿನ ಸಲ ಕುದುರೆಗೆ ಎಲ್ಲೋ ನೋಯುತ್ತಿರುತ್ತದೆ, ಮತ್ತು ಆ ಜಾಗವನ್ನು ಕ್ರಮ ತಪ್ಪದೆ ಹುಡುಕಿದರೆ ಅದು ಸಿಗುತ್ತದೆ.

ಹುಡುಕುವ ಕ್ರಮವನ್ನು ಹೇಳುವ ಮೊದಲು ಈ ದೋಷಗಳ ಹಿಂದಿರುವ ಕಾರಣವನ್ನು ಹೇಳಬೇಕು. ಒಂದು ತಿಂಗಳೊಳಗಿನ ಬಿಡುವಿನಲ್ಲಿ ಕುದುರೆಯ ದಮ್ಮು ಹೆಚ್ಚೇನೂ ಕುಂದುವುದಿಲ್ಲ. ಬಿಡುವು ಮೂರು ನಾಲ್ಕು ತಿಂಗಳಾದಾಗ ಎಲ್ಲವೂ ಸಡಿಲಗೊಳ್ಳುತ್ತದೆ, ಆದರೆ ಮತ್ತೆ ಕೆಲಸಕ್ಕೆ ಹಚ್ಚಿದಾಗ ಎಲ್ಲವೂ ಒಂದೇ ವೇಗದಲ್ಲಿ ಹಿಂದಿರುಗುವುದಿಲ್ಲ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಮಾಂಸಖಂಡಗಳಿಗೆ ಎರಡು ಮೂರು ತಿಂಗಳು ಬೇಕು. ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಲಾಯದಲ್ಲಿ ನಿಂತು ಸಾಂದ್ರತೆ ಕಳೆದುಕೊಂಡ ಮೂಳೆ ಇನ್ನೂ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ನಾಲ್ಕನೆಯ ವಾರದಿಂದ ಎಂಟನೆಯ ವಾರದವರೆಗಿನ ಅವಧಿ ಅತ್ಯಂತ ಅಪಾಯಕಾರಿ. ಆಗ ಕುದುರೆಗೆ ಉಸಿರಿರುತ್ತದೆ, ಉತ್ಸಾಹವಿರುತ್ತದೆ, ತಾನಾಗಿಯೇ ಮುನ್ನುಗ್ಗುತ್ತದೆ, ಆದರೆ ಆ ಓಟವನ್ನು ತಡೆದುಕೊಳ್ಳಬೇಕಾದ ಕಾಲುಗಳು ಇನ್ನೂ ಸಿದ್ಧವಾಗಿರುವುದಿಲ್ಲ. ಬಿಡುವು ಮಳೆಯಿಂದಲ್ಲದೆ ಕಾಲಿನ ಪೆಟ್ಟಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಬಂದಿದ್ದರೆ ಇಲ್ಲಿನ ವಾರಗಳ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಪಶುವೈದ್ಯರು ಹಾಕಿಕೊಟ್ಟ ವೇಳಾಪಟ್ಟಿಯನ್ನೇ ಅನುಸರಿಸಬೇಕು.

ಮೊದಲು ಅಂಕಿಗಳು

ದೋಷ ಯಾವುದೆಂದು ತಿಳಿಯಬೇಕಾದರೆ ದೋಷವಿಲ್ಲದಾಗ ಆ ಕುದುರೆ ಹೇಗಿರುತ್ತದೆ ಎಂಬುದು ಬರಹದಲ್ಲಿರಬೇಕು. ಜೀನು ಹಾಕುವುದಕ್ಕೆ ಒಂದು ವಾರ ಮೊದಲಿನಿಂದ ಪ್ರತಿದಿನ ಬೆಳಿಗ್ಗೆ, ಮೇವು ಹಾಕುವ ಮುನ್ನ, ಮೂರು ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರಾಟ 8ರಿಂದ 16, ಗುದದ್ವಾರದಲ್ಲಿ ಅಳೆದ ಉಷ್ಣತೆ ಸುಮಾರು 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ದವಡೆಯ ಮೂಳೆಯ ಒಳಅಂಚಿನಲ್ಲಿ ಪೆನ್ಸಿಲ್ಲಿನಷ್ಟು ದಪ್ಪದ ರಕ್ತನಾಳವೊಂದು ಬೆರಳಿಗೆ ಸಿಗುತ್ತದೆ. ಅಲ್ಲಿ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಾಡಿ ಸಿಕ್ಕಿತು. ಸೊಂಟದ ಮುಂಭಾಗದ ಪಕ್ಕೆ ಏರಿಳಿಯುವುದನ್ನು ನೋಡಿ ಉಸಿರು ಎಣಿಸಬಹುದು. ಈ ಮೂರರಲ್ಲಿ ಯಾವುದಾದರೂ ಒಂದು ಕಾರಣವಿಲ್ಲದೆ ಏರಿದ ದಿನ ಸವಾರಿ ಬೇಡ.

ತೂಕದ ಲೆಕ್ಕವೂ ಬೇಕು. ಬಿಡುವಿನಲ್ಲಿ ಕುದುರೆ ತೂಕ ಏರಿಸಿಕೊಂಡಿರುವುದೂ ಉಂಟು, ಮಳೆಯ ಚಳಿಗೆ ಇಳಿದುಹೋಗಿರುವುದೂ ಉಂಟು, ಎರಡೂ ಸವಾರಿಯ ಲೆಕ್ಕವನ್ನು ಬದಲಿಸುತ್ತವೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ದರ್ಜಿಯ ಟೇಪಿನಿಂದ ಸೆಂಟಿಮೀಟರಿನಲ್ಲಿ ಅಳೆದು, ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂನಲ್ಲಿ ಅಂದಾಜು ತೂಕ ಸಿಗುತ್ತದೆ. ನಮ್ಮ ಹೆಣ್ಣು ಕುದುರೆಯ ಸುತ್ತಳತೆ 165, ಉದ್ದ 145. ತೂಕ ಸುಮಾರು 332 ಕಿಲೋ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗವನ್ನು ಮೀರಬಾರದೆಂಬುದು ರೂಢಿಯ ಮಿತಿ. ಅಂದರೆ ಅವಳ ಬೆನ್ನಿಗೆ 66 ಕಿಲೋ, ಅದರಲ್ಲಿ ಜೀನಿನದೇ ಎಂಟು ಕಿಲೋ. ಅದೂ ಹದಗೊಂಡ ಕುದುರೆಗೆ ಹೇಳಿದ ಮಿತಿ. ಬೆನ್ನಿನ ಮಾಂಸ ಕರಗಿದ ಕುದುರೆಯ ಮೇಲೆ ಮೊದಲ ತಿಂಗಳು ಮನೆಯಲ್ಲಿ ಹಗುರವಾಗಿರುವವರು, ಆದರೆ ಸವಾರಿ ಬಲ್ಲವರು, ಕೂರುವುದು ಒಳ್ಳೆಯದು. ನಾಲ್ಕು ತಿಂಗಳಲ್ಲಿ ಸವಾರರ ಸಮತೋಲವೂ ಹೋಗಿರುತ್ತದೆ ಎಂಬುದನ್ನು ಮರೆಯಬಾರದು. ಒಂದು ಕಡೆಗೆ ವಾಲಿ ಕೂರುವ ಸವಾರನಿಂದ ಹುಟ್ಟುವ ಬೆನ್ನುನೋವಿಗೆ ಜೀನನ್ನು ದೂರಿ ಪ್ರಯೋಜನವಿಲ್ಲ.

ಗೊರಸು

ಯಾವ ಲಕ್ಷಣ ಕಂಡರೂ ಮೊದಲು ನೋಡಬೇಕಾದದ್ದು ಗೊರಸನ್ನು. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ಆದ್ದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಬೇಕು. ಮಳೆಗಾಲದಲ್ಲಿ ಇದು ತಪ್ಪುತ್ತದೆ. ನಾಲ್ಕು ತಿಂಗಳು ಕೆತ್ತದೆ ಬಿಟ್ಟರೆ ಗೊರಸಿನ ಮುಂತುದಿ ಮೂರು ನಾಲ್ಕು ಸೆಂಟಿಮೀಟರ್‌ವರೆಗೂ ಉದ್ದವಾಗಬಹುದು, ಮತ್ತು ಮುಂತುದಿ ಉದ್ದವಾದಷ್ಟೂ ಕಾಲೆತ್ತುವ ಕ್ಷಣದಲ್ಲಿ ಕಾಲಿನ ಹಿಂಬದಿಯ ರಜ್ಜುಗಳ ಮೇಲೆ ಎಳೆತ ಹೆಚ್ಚುತ್ತದೆ. ಆ ಉದ್ದವನ್ನೆಲ್ಲ ಒಂದೇ ಸಲಕ್ಕೆ ತೆಗೆದುಹಾಕುವುದೂ ತಪ್ಪು. ಕೋನ ಇದ್ದಕ್ಕಿದ್ದಂತೆ ಬದಲಾದರೆ ಅದೇ ರಜ್ಜುಗಳಿಗೆ ಮತ್ತೊಂದು ಬಗೆಯ ಹೊರೆ ಬೀಳುತ್ತದೆ. ಎರಡು ಸಲ ಕೆತ್ತಿಸಿ ಹದಕ್ಕೆ ತರಬೇಕು. ಕಡೂರು, ಅರಸೀಕೆರೆಯ ಕಡೆ ಎತ್ತುಗಳಿಗೆ ಲಾಳ ಹೊಡೆಯುವವರು ಸಿಗುತ್ತಾರೆ, ಅವರ ಕೈಗೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಎತ್ತಿನದು ಸೀಳುಗೊರಸು, ಅದಕ್ಕೆ ಎರಡು ತುಂಡಿನ ಲಾಳ, ಕುದುರೆಯದು ಒಂಟಿಗೊರಸು, ಅದರೊಳಗಿನ ಮೂಳೆ ಕೂತಿರುವ ಬಗೆಯೇ ಬೇರೆ. ಕುದುರೆಯ ಗೊರಸು ಬಲ್ಲವರನ್ನು ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಕರೆಸಬೇಕಾಗಿ ಬಂದರೂ ಕರೆಸಬೇಕು, ಅದನ್ನು ಸೆಪ್ಟೆಂಬರಿನಲ್ಲೇ ಗೊತ್ತುಮಾಡಿಕೊಳ್ಳಬೇಕು.

ಕಾಲೆತ್ತಿ ತಳವನ್ನು ಕೆರೆದಾಗ ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗದ ಪಕ್ಕದ ಸಂದುಗಳಲ್ಲಿ ಕಪ್ಪು ಕೆಸರಿನಂಥ ಕೊಳೆ ಬಂದು, ಕೈಗೆ ಹತ್ತಿದರೆ ಸೋಪಿಗೂ ಹೋಗದ ದುರ್ವಾಸನೆ ಇದ್ದರೆ, ಅದು ತೇವದಲ್ಲಿ ನಿಂತ ಕುದುರೆಗೆ ಬರುವ ಗೊರಸು ಕೊಳೆತ. ಲಾಯದ ನೆಲ ಒಣಗಿಸುವುದು, ದಿನವೂ ಕೆರೆದು ತೊಳೆದು ಒರೆಸುವುದು, ತೆಳುಮಾಡಿದ ಪೊವಿಡೋನ್ ಅಯೋಡಿನ್ ಹಚ್ಚುವುದು, ಇಷ್ಟರಲ್ಲಿ ಆರಂಭದ ಹಂತ ವಾಸಿಯಾಗುತ್ತದೆ. ಸಂದು ಆಳವಾಗಿ ಸೀಳಿ ಒತ್ತಿದರೆ ನೋಯುವಂತಿದ್ದರೆ ವಾಸಿಯಾಗುವವರೆಗೆ ಸವಾರಿ ನಿಲ್ಲಿಸಬೇಕು. ನಿನ್ನೆ ಸರಿಯಿದ್ದ ಕುದುರೆ ಇಂದು ಒಂದು ಕಾಲನ್ನು ನೆಲಕ್ಕೇ ಊರದಿದ್ದರೆ, ಆ ಗೊರಸು ಬಿಸಿಯಾಗಿದ್ದು ಅದರ ಮೇಲಿನ ಗಂಟಿನ ಹಿಂಭಾಗದ ಎರಡೂ ಪಕ್ಕದಲ್ಲಿ ನಾಡಿ ಬಲವಾಗಿ ಬಡಿಯುತ್ತಿದ್ದರೆ, ಗೊರಸಿನೊಳಗೆ ಕೀವು ಕಟ್ಟಿರುವ ಸಾಧ್ಯತೆ ಹೆಚ್ಚು. ಎರಡೂ ಮುಂಗೊರಸುಗಳು ಬಿಸಿಯಾಗಿ, ಕುದುರೆ ಮುಂಗಾಲನ್ನು ಮುಂದೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಂತಿದ್ದರೆ ಅದು ಗೊರಸಿನ ಒಳಪದರದ ಉರಿಯೂತ. ದಪ್ಪಗಾದ ಕುದುರೆಗೆ ಹಸಿ ಹುಲ್ಲಿನ ಕಾಲದಲ್ಲಿ ಬರುವ ಇದು ತುರ್ತು ಸ್ಥಿತಿ, ನಡೆಸದೆ ಇದ್ದಲ್ಲಿಗೇ ವೈದ್ಯರನ್ನು ಕರೆಸಬೇಕು.

ಕಣದ ಮೇಲಿನ ಓಟ

ಗೊರಸು ಸರಿಯಿದ್ದರೆ ಮುಂದಿನದು ಕುಂಟನ್ನು ಹುಡುಕುವ ಪರೀಕ್ಷೆ. ಇದಕ್ಕೆ ಗಟ್ಟಿಯಾದ, ಸಮತಟ್ಟಾದ, ಮೂವತ್ತು ಮೀಟರಿನಷ್ಟು ನೇರ ಜಾಗ ಬೇಕು, ಮತ್ತು ಮಲೆನಾಡಿನ ತೋಟದಲ್ಲಿ ಅಂಥ ಜಾಗ ಕಾಫಿ ಒಣಗಿಸುವ ಕಣವೊಂದೇ. ಅಕ್ಟೋಬರಿನಲ್ಲಿ ಕೊಯ್ಲು ಇನ್ನೂ ಶುರುವಾಗದೆ ಕಣ ಖಾಲಿಯಿರುತ್ತದೆ. ಒಬ್ಬರು ಹಗ್ಗವನ್ನು ಸಡಿಲವಾಗಿ ಹಿಡಿದು ಕುದುರೆಯ ಪಕ್ಕದಲ್ಲಿ ಓಡಬೇಕು, ಇನ್ನೊಬ್ಬರು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಬೇಕು. ಹಗ್ಗ ಬಿಗಿಯಾಗಿದ್ದರೆ ತಲೆ ಆಡುವುದಿಲ್ಲ, ಪರೀಕ್ಷೆ ವ್ಯರ್ಥವಾಗುತ್ತದೆ. ಮುಂಗಾಲೊಂದು ಹಿಂಗಾಲೊಂದು ಕರ್ಣರೇಖೆಯಲ್ಲಿ ಒಟ್ಟಿಗೆ ಊರುವ ಎರಡು ತಾಳದ ಟ್ರಾಟ್ ಓಟವೇ ಇದಕ್ಕೆ ಸೂಕ್ತ, ಏಕೆಂದರೆ ಅದರಲ್ಲಿ ಎಡಬಲಗಳ ವ್ಯತ್ಯಾಸ ಅಡಗಲಾರದು. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ, ಗಟ್ಟಿ ಕಾಲು ಊರಿದಾಗ ಕೆಳಗಿಳಿಯುತ್ತದೆ. ಹಿಂಗಾಲಿನಲ್ಲಿದ್ದರೆ ಆ ಬದಿಯ ಸೊಂಟದ ಮೂಳೆ ಇನ್ನೊಂದು ಬದಿಗಿಂತ ಹೆಚ್ಚು ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೆ ಕಣ್ಣು ಮುಚ್ಚಿ ಕೇಳಿ. ಸಿಮೆಂಟಿನ ಮೇಲೆ ಲಾಳದ ಸದ್ದಿನಲ್ಲಿ ಒಂದು ತಾಳ ಮೆತ್ತಗಾಗಿದ್ದರೆ ಕಿವಿಗೆ ಮೊದಲು ತಿಳಿಯುತ್ತದೆ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿಟ್ಟರೆ ವಾರದಿಂದ ವಾರಕ್ಕೆ ಹೋಲಿಸಬಹುದು, ದೂರದ ವೈದ್ಯರಿಗೂ ಕಳಿಸಬಹುದು. ಕುಂಟು ಕಂಡ ಕುದುರೆಗೆ ನೋವಿನ ಔಷಧಿ ಕೊಟ್ಟು ಸವಾರಿ ಮಾಡುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬಾರದು. ನೋವು ಮರೆಯಾಗುತ್ತದೆ, ಗಾಯ ಬೆಳೆಯುತ್ತದೆ.

ಬೆನ್ನು ಮತ್ತು ಜೀನು

ಕಳೆದ ಅಕ್ಟೋಬರಿನ ಎರಡನೆಯ ವಾರ ನಮ್ಮ ಕುದುರೆ ಜೀನು ಎತ್ತಿಕೊಂಡು ಬಂದವರನ್ನು ಕಂಡೊಡನೆ ಕಿವಿ ಮಡಚಿ, ಹೊಟ್ಟೆಪಟ್ಟಿ ಬಿಗಿಯುವಾಗ ಹಿಂದಿರುಗಿ ತೋಳಿಗೆ ಬಾಯಿ ಹಾಕತೊಡಗಿತು. ಹನ್ನೊಂದು ವರ್ಷದ ಅವಳು ಅದುವರೆಗೆ ಯಾರನ್ನೂ ಕಚ್ಚಿದವಳಲ್ಲ. ಕಾಲು, ಗೊರಸು ನೋಡಿದೆವು, ಸರಿಯಿದ್ದವು. ಆಗ ಮಾಡಿದ ಪರೀಕ್ಷೆ ಬಹಳ ಸರಳವಾದದ್ದು: ತೆಳುವಾದ ಬಿಳಿ ಪಂಚೆಯೊಂದನ್ನು ಬೆನ್ನ ಮೇಲೆ ಹಾಸಿ, ಅದರ ಮೇಲೆ ಜೀನು ಬಿಗಿದು, ಇಪ್ಪತ್ತು ನಿಮಿಷ ಏರುದಾರಿಯಲ್ಲಿ ಬೆವರು ಬರುವಂತೆ ನಡೆಸಿ, ಬಿಚ್ಚಿ ನೋಡಿದೆವು. ಜೀನು ಸರಿಯಾಗಿ ಕೂತಿದ್ದರೆ ಪಂಚೆಯ ಎರಡೂ ಬದಿಯಲ್ಲಿ ಬೆವರಿನ ಗುರುತು ಒಂದೇ ಸಮನಾಗಿರಬೇಕು, ನಡುವೆ ಬೆನ್ನುಮೂಳೆಯ ಉದ್ದಕ್ಕೂ ಒಣಗಿದ ಪಟ್ಟಿ ಇರಬೇಕು. ನಮ್ಮ ಪಂಚೆಯಲ್ಲಿ ಭುಜದ ಹಿಂದೆ ಎಡಕ್ಕೊಂದು ಬಲಕ್ಕೊಂದು ಅಂಗೈಯಗಲದ ಒಣ ಮಚ್ಚೆಗಳಿದ್ದವು, ಸುತ್ತಲೂ ಒದ್ದೆ. ಒತ್ತಡ ಹೆಚ್ಚಾದ ಕಡೆ ಬೆವರಿನ ಗ್ರಂಥಿಗಳು ಕೆಲಸ ಮಾಡುವುದಿಲ್ಲ. ಒಣ ಮಚ್ಚೆ ಎಂದರೆ ಜೀನು ಅಲ್ಲಿ ಕಚ್ಚುತ್ತಿದೆ ಎಂದರ್ಥ. ಅದನ್ನು ಗಮನಿಸದೆ ತಿಂಗಳುಗಟ್ಟಲೆ ಬಿಟ್ಟರೆ ಅದೇ ಜಾಗದಲ್ಲಿ ಬಿಳಿಗೂದಲು ಹುಟ್ಟುತ್ತದೆ, ಮತ್ತೆ ಬಣ್ಣ ತಿರುಗುವುದಿಲ್ಲ.

ಜೀನು ಮೇ ತಿಂಗಳಲ್ಲಿ ಸರಿಯಾಗಿಯೇ ಇತ್ತು. ಬದಲಾದದ್ದು ಅವಳ ಬೆನ್ನು. ಕೆಲಸವಿಲ್ಲದೆ ಬೆನ್ನುಮೂಳೆಯ ಎರಡೂ ಬದಿಯ ಮಾಂಸ ಕರಗಿ, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ದಿಬ್ಬದ ಹಿಂದೆ ಕುಳಿ ಬಿದ್ದಿತ್ತು. ಜೀನು ಆ ಕುಳಿಗೆ ಮುಂದಕ್ಕೆ ಜಾರಿ ಕೂರುತ್ತಿತ್ತು. ಸವಾರ ಕೂತ ಮೇಲೆ ದಿಬ್ಬಕ್ಕೂ ಜೀನಿನ ಕಮಾನಿಗೂ ನಡುವೆ ಎರಡು ಮೂರು ಬೆರಳು ಆಡಬೇಕು, ನಮ್ಮದರಲ್ಲಿ ಒಂದು ಬೆರಳೂ ಕಷ್ಟದಿಂದ ಹೋಗುತ್ತಿತ್ತು. ಇಂಥಲ್ಲಿ ಕಂಬಳಿಯ ಮೇಲೆ ಕಂಬಳಿ ಹಾಸುವುದು ಎಲ್ಲರಿಗೂ ಹೊಳೆಯುವ ಪರಿಹಾರ, ಆದರೆ ಅದರಿಂದ ಜೀನು ಇನ್ನೂ ಬಿಗಿಯಾಗಿ ಹಿಂಡುತ್ತದೆ. ಎರಡು ವಾರ ಜೀನು ಪೂರ್ತಿ ಬಿಟ್ಟು ಕೈಯಲ್ಲಿ ಹಿಡಿದು ಏರುದಾರಿಯಲ್ಲಿ ನಡೆಸಿದೆವು. ಆಮೇಲೆ ಮುಂಭಾಗದ ಎರಡೂ ಬದಿಗೆ ಮಾತ್ರ ತೆಳುವಾದ ಉಣ್ಣೆಯ ಪದರ ಹೊಲಿಸಿ ಜೀನನ್ನು ಸಮಕ್ಕೆ ತಂದೆವು. ಮಾಂಸ ತುಂಬಿದಂತೆ ಆ ಪದರವನ್ನು ತೆಗೆಯಬೇಕು, ಆದ್ದರಿಂದ ಪಂಚೆಯ ಪರೀಕ್ಷೆಯನ್ನು ಎರಡು ವಾರಕ್ಕೊಮ್ಮೆ ಮತ್ತೆ ಮಾಡಬೇಕಾಗುತ್ತದೆ.

ಜೀನು ಕೂರುವ ಜಾಗದ ಚರ್ಮವನ್ನೂ ಬೆರಳಾಡಿಸಿ ನೋಡಿ. ಮಳೆಯಲ್ಲಿ ನೆನೆದ ಕುದುರೆಯ ಬೆನ್ನಿನಲ್ಲಿ ಸಣ್ಣ ಸಣ್ಣ ಹೆಕ್ಕಳಿಕೆಗಳೆದ್ದು, ಎಳೆದರೆ ಕೂದಲಿನ ಗೊಂಚಲಿನ ಸಮೇತ ಕಿತ್ತು ಬರುವುದುಂಟು. ಅದು ಬ್ಯಾಕ್ಟೀರಿಯಾದಿಂದ ಬರುವ ಚರ್ಮರೋಗ. ಒಣಗಿಸಿ, ನಂಜುನಿವಾರಕದಿಂದ ತೊಳೆದು, ಹೊಸ ಕೂದಲು ಬರುವವರೆಗೆ ಅದರ ಮೇಲೆ ಜೀನು ಹಾಕಬಾರದು. ಆ ಕುದುರೆಗೆ ಬಳಸಿದ ಬ್ರಶ್ಶನ್ನು ಇನ್ನೊಂದಕ್ಕೆ ಬಳಸಬಾರದು.

ಬಾಯಿ

ಲಗಾಮು ಎಳೆದಾಗ ತಲೆ ಮೇಲೆತ್ತಿ ಝಾಡಿಸುವುದು, ಒಂದು ದಿಕ್ಕಿಗೆ ಮಾತ್ರ ಸುಲಭವಾಗಿ ತಿರುಗುವುದು, ಮೇವು ಅರ್ಧ ಅಗಿದು ಉಂಡೆಯಾಗಿ ಉಗುಳುವುದು, ಇವು ಹಲ್ಲಿನ ದೋಷದ ಲಕ್ಷಣಗಳು. ಕುದುರೆಯ ಹಲ್ಲು ಬೆಳೆಯುತ್ತಲೇ ಬಂದು ಮೇಲಿನ ಸಾಲಿನ ಹೊರಅಂಚು, ಕೆಳಗಿನ ಸಾಲಿನ ಒಳಅಂಚು ಚೂಪಾಗುತ್ತವೆ. ಕಡಿವಾಣ ಕೆನ್ನೆಯನ್ನು ಆ ಅಂಚಿಗೆ ಒತ್ತುತ್ತದೆ. ವರ್ಷಕ್ಕೊಮ್ಮೆ ಅರ ಹಾಕಿಸಬೇಕು, ಅದನ್ನು ಬಿಡುವಿನ ಕಾಲದಲ್ಲೇ ಮುಗಿಸಿಕೊಂಡರೆ ಒಳ್ಳೆಯದು.

ಮೇವು, ಮತ್ತು ಬಿಡುವಿನ ಮರುದಿನದ ಕಾಯಿಲೆ

ಬಿಡುವಿನಲ್ಲಿಯೂ ಹುರುಳಿ, ಜವೆಗೋಧಿ, ಬೂಸಾವನ್ನು ಹಳೆಯ ಪ್ರಮಾಣದಲ್ಲೇ ಕೊಡುತ್ತಾ ಬಂದು, ಒಂದು ದಿನ ಹಠಾತ್ತನೆ ಕೆಲಸಕ್ಕೆ ಹಚ್ಚಿದಾಗ ಕಾಣುವ ದೋಷವೊಂದಿದೆ. ಹೊರಟು ಹದಿನೈದು ಇಪ್ಪತ್ತು ನಿಮಿಷಕ್ಕೆ ಹಿಂಗಾಲಿನ ಹೆಜ್ಜೆ ಬಿಗಿಯಾಗುತ್ತದೆ, ಕುದುರೆ ವಿಪರೀತ ಬೆವರುತ್ತದೆ, ಮುಂದೆ ಹೋಗಲಾರದೆ ನಿಂತುಬಿಡುತ್ತದೆ, ಪೃಷ್ಠದ ಮಾಂಸ ಒತ್ತಿದರೆ ಹಲಗೆಯಂತೆ ಗಟ್ಟಿಯಾಗಿರುತ್ತದೆ, ಕೆಲವೊಮ್ಮೆ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಮಾಂಸಖಂಡದ ಎಳೆಗಳು ಒಡೆದು ಅವುಗಳ ಬಣ್ಣದ ವಸ್ತು ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಅಪಾಯ ತರುವ ಸ್ಥಿತಿ ಇದು. ವಾರಪೂರ್ತಿ ದುಡಿದು ಭಾನುವಾರ ನಿಂತು ತಿಂದ ಗಾಡಿ ಕುದುರೆಗಳಿಗೆ ಸೋಮವಾರ ಬೆಳಿಗ್ಗೆ ಇದು ಬರುತ್ತಿದ್ದುದರಿಂದ ಇದಕ್ಕೆ ಸೋಮವಾರದ ಕಾಯಿಲೆ ಎಂಬ ಹೆಸರೂ ಇತ್ತು. ಆಗ ಇಳಿದು, ಜೀನು ಬಿಚ್ಚಿ, ಗಾಳಿ ತಾಗದಂತೆ ಸೊಂಟಕ್ಕೆ ಕಂಬಳಿ ಹೊದಿಸಿ, ಅಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಹೊಟ್ಟೆಶೂಲೆಯೆಂದು ತಿಳಿದು ನಡೆಸುವವರಿದ್ದಾರೆ. ಹಾಗೆ ನಡೆಸಿದ ಪ್ರತಿ ಹೆಜ್ಜೆಯೂ ಇನ್ನಷ್ಟು ಎಳೆಗಳನ್ನು ಒಡೆಯುತ್ತದೆ.

ತಡೆಯುವ ದಾರಿ ಸುಲಭ. ಕೆಲಸ ನಿಂತ ದಿನವೇ ಕಾಳು ಇಳಿಸಬೇಕು, ಕೆಲಸ ಹೆಚ್ಚಿದ ಮೇಲೆ ಕಾಳು ಏರಿಸಬೇಕು. ಕಾಳು ಎಂದೂ ಕೆಲಸಕ್ಕಿಂತ ಮುಂದೆ ಹೋಗಬಾರದು. ದಿನಕ್ಕೆ ದೇಹದ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲಿನಷ್ಟು ಹುಲ್ಲು, ಒಣಗಿಸಿ ತೂಗಿದ ಲೆಕ್ಕದಲ್ಲಿ, ತಪ್ಪದೆ ಬೇಕು. ಯಾವ ಬದಲಾವಣೆಯನ್ನೂ ಏಳರಿಂದ ಹದಿನಾಲ್ಕು ದಿನಗಳಲ್ಲಿ ಹಂತಹಂತವಾಗಿ ಮಾಡಬೇಕು. ಕುದುರೆಗೆ ವಾಂತಿ ಮಾಡಲಾಗದು; ಹೊಟ್ಟೆಯಲ್ಲಿ ಹುದುಗಿದ್ದು ಹೊರಬರುವ ದಾರಿಯಿಲ್ಲದೆ ಶೂಲೆಯಾಗುತ್ತದೆ.

ಕೆಮ್ಮು ಮತ್ತು ಜ್ವರ

ಟ್ರಾಟ್‌ಗೆ ಎತ್ತಿದಾಗ ಒಂದೆರಡು ಸಲ ಕೆಮ್ಮಿ ಸುಮ್ಮನಾದರೆ ಚಿಂತೆಯಿಲ್ಲ. ದಿನವೂ ಕೆಮ್ಮುತ್ತಿದ್ದರೆ ಮೊದಲು ಅಟ್ಟದ ಹುಲ್ಲನ್ನು ಮೂಸಿ ನೋಡಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಹುಲ್ಲಿನ ಧೂಳು ಶ್ವಾಸನಾಳಗಳನ್ನು ಕೆರಳಿಸುತ್ತದೆ. ಅಂಥ ಹುಲ್ಲನ್ನು ನೆನೆಸಿ ಕೊಡುವುದಕ್ಕಿಂತ ಎಸೆಯುವುದೇ ಮೇಲು. ಮೂಗಿನಿಂದ ಗಟ್ಟಿ ಸ್ರಾವ, ಜ್ವರ, ಚರ್ಮದ ಮೇಲೆ ಒಡೆಯುವ ಗಂಟುಗಳಿದ್ದರೆ ಕುದುರೆಯನ್ನು ಪ್ರತ್ಯೇಕಿಸಿ ತಕ್ಷಣ ಪಶುಪಾಲನಾ ಇಲಾಖೆಗೆ ತಿಳಿಸಬೇಕು, ಏಕೆಂದರೆ ಗ್ಲಾಂಡರ್ಸ್ ಮನುಷ್ಯರಿಗೂ ತಗಲುವ, ವರದಿ ಮಾಡಲೇಬೇಕಾದ ರೋಗ. ದೇಹದಲ್ಲಿ ಎಲ್ಲೂ ನೋವು ಸಿಗದೆ ಕುದುರೆ ಸುಮ್ಮನೆ ಸೋಲುತ್ತಿದ್ದರೆ, ಜ್ವರ ಬಂದು ಹೋಗಿ ಮಾಡುತ್ತಾ ಕಾಲು ಮತ್ತು ಹೊಟ್ಟೆಯಡಿ ಊದಿದರೆ, ರಕ್ತಪರೀಕ್ಷೆ ಮಾಡಿಸಿ. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗ ನೊಣ ಹೆಚ್ಚುವ ಮಳೆಗಾಲದಲ್ಲೂ ಅದರ ಬೆನ್ನಿಗೂ ಕಾಣಿಸಿಕೊಳ್ಳುತ್ತದೆ. ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ 1880ರಲ್ಲಿ ಅಂದಿನ ಪಂಜಾಬಿನಲ್ಲಿ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಗುರುತಿಸಿದ್ದ. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿರುವುದರಿಂದ ನಮ್ಮ ಎರಡು ಜಿಲ್ಲೆಯವರಿಗೆ ಸಲಹೆ ಕೇಳಲು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.

ವಾರಗಳ ಲೆಕ್ಕ, ಮತ್ತು ಎಡ ಮುಂಗಾಲು

ನಾಲ್ಕು ತಿಂಗಳ ಬಿಡುವಿನ ನಂತರ ಮೊದಲ ನಾಲ್ಕು ವಾರ ನಡಿಗೆ ಮಾತ್ರ. ಇಪ್ಪತ್ತು ನಿಮಿಷದಿಂದ ಶುರುಮಾಡಿ, ವಾರಕ್ಕೆ ಐದಾರು ದಿನದಂತೆ, ನಾಲ್ಕನೆಯ ವಾರದ ಹೊತ್ತಿಗೆ ಒಂದು ಗಂಟೆಗೆ ತರಬೇಕು. ಐದನೆಯ ವಾರದಿಂದ ಒಂದೆರಡು ನಿಮಿಷದ ಟ್ರಾಟ್ ತುಣುಕುಗಳನ್ನು ನಡುನಡುವೆ ಸೇರಿಸಬೇಕು. ಟ್ರಾಟ್‌ಗಿಂತ ವೇಗದ, ಮೂರು ತಾಳದ ಕ್ಯಾಂಟರ್ ಓಟ ಒಂಬತ್ತನೆಯ ವಾರಕ್ಕೆ ಮೊದಲು ಬೇಡ. ಉದ್ದ ಹಗ್ಗದಲ್ಲಿ ಸುತ್ತು ತಿರುಗಿಸಿ ಮೈ ಸಡಿಲಿಸುವ ಪದ್ಧತಿಯನ್ನು ಈ ಹಂತದಲ್ಲಿ ನಾನು ಒಪ್ಪುವುದಿಲ್ಲ, ಸಣ್ಣ ವೃತ್ತದಲ್ಲಿ ಓಡುವ ಕುದುರೆಯ ಕೀಲುಗಳ ಮೇಲೆ ಒಂದೇ ಬದಿಯಿಂದ ಹೊರೆ ಬೀಳುತ್ತದೆ. ನಮ್ಮ ಗುಡ್ಡಗಳು ಇಲ್ಲಿ ವರವೂ ಹೌದು, ಅಪಾಯವೂ ಹೌದು. ಏರುದಾರಿಯಲ್ಲಿ ನಡೆಸಿದರೆ ವೇಗವಿಲ್ಲದೆಯೇ ಹೃದಯಕ್ಕೂ ಸೊಂಟಕ್ಕೂ ಕೆಲಸವಾಗುತ್ತದೆ. ಇಳಿಯುವಾಗ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ನಿಂತಾಗಲೇ ದೇಹದ ನೂರಕ್ಕೆ ಅರವತ್ತರಷ್ಟು ಭಾರ ಮುಂಗಾಲಿನ ಮೇಲಿರುವಾಗ ಇಳಿಜಾರಿನಲ್ಲಿ ಸವಾರ ಇಳಿದು ಪಕ್ಕದಲ್ಲಿ ನಡೆಯುವುದು ಮೊದಲ ತಿಂಗಳ ನಿಯಮವಾಗಬೇಕು. ಮೆತ್ತನೆಯ ಗದ್ದೆ ಕಾಲಿಗೆ ಹಿತವೆಂಬ ನಂಬಿಕೆಯೂ ತಪ್ಪು. ಹೂತುಕೊಳ್ಳುವ ಕೆಸರು ರಜ್ಜುಗಳನ್ನು ಎಳೆಯುತ್ತದೆ.

ಕೆಲಸ ಮುಗಿದ ಹತ್ತು ಹದಿನೈದು ನಿಮಿಷದಲ್ಲಿ ನಾಡಿ 60ರ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ಅಂದಿನ ಕೆಲಸ ಹೆಚ್ಚಾಯಿತೆಂದು ತಿಳಿದು ಮರುದಿನ ಹಿಂದಿನ ವಾರದ ಪ್ರಮಾಣಕ್ಕೆ ಮರಳಬೇಕು. ಆದರೆ ನಾಡಿ ಇಳಿದ ಮಾತ್ರಕ್ಕೆ ಕಾಲು ಕ್ಷೇಮವೆಂದು ಅರ್ಥವಲ್ಲ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ನವೆಂಬರಿನ ಮೊದಲಲ್ಲಿ ಅವಳ ನಾಡಿ ಎಂಟೇ ನಿಮಿಷದಲ್ಲಿ 52ಕ್ಕೆ ಇಳಿಯುವುದನ್ನು ಕಂಡು, ಸಮತಟ್ಟಾದ ಮಣ್ಣಿನ ದಾರಿಯೊಂದರಲ್ಲಿ, ಆರನೆಯ ವಾರದಲ್ಲೇ, ಅವಳು ಕೇಳಿದಷ್ಟು ಓಡಲು ಬಿಟ್ಟೆ. ಅಂದು ಏನೂ ಆಗಲಿಲ್ಲ. ಮರುದಿನ ಕಣದ ಓಟದಲ್ಲಿಯೂ ಏನೂ ಕಾಣಲಿಲ್ಲ. ಎರಡನೆಯ ದಿನ ಬೆಳಿಗ್ಗೆ, ಇಪ್ಪತ್ತು ವರ್ಷದಿಂದ ನಮ್ಮ ಲಾಯ ನೋಡಿಕೊಳ್ಳುವ ಹಿರಿಯರು ಬಂದು, "ಗೌಡ್ರೇ, ಎಡಗಾಲು ಒಂಚೂರು ಬಿಸಿ ಐತೆ, ಮುಟ್ಟಿ ನೋಡಿ" ಎಂದರು.

ಮುಟ್ಟುವ ಬಗೆಯನ್ನು ವಿವರವಾಗಿ ಹೇಳಬೇಕು. ಮೇವಿಗೆ ಮೊದಲು, ಕಾಲು ತೊಳೆಯುವ ಮೊದಲು, ಬಿಸಿಲು ಬೀಳುವ ಮೊದಲು, ಎರಡೂ ಮುಂಗಾಲುಗಳ ಹಿಂಬದಿಯನ್ನು ಎರಡು ಅಂಗೈಯಿಂದ ಏಕಕಾಲಕ್ಕೆ ಹಿಡಿದು, ಮೊಣಕಾಲಿನಿಂದ ಗೊರಸಿನ ಮೇಲಿನ ಗಂಟಿನವರೆಗೆ ನಿಧಾನವಾಗಿ ಇಳಿಯಬೇಕು. ಆಮೇಲೆ ಕಾಲು ಮಡಚಿ ಎತ್ತಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ರಜ್ಜನ್ನು ಹಿಡಿದು ಅಂಗುಲ ಅಂಗುಲವಾಗಿ ಒತ್ತುತ್ತಾ ಬರಬೇಕು. ಆರೋಗ್ಯವಾದ ರಜ್ಜು ಬಿಗಿದ ಹಗ್ಗದಂತೆ ಅಂಚು ಸ್ಪಷ್ಟವಾಗಿ ಸಿಗುತ್ತದೆ. ಅವಳ ಎಡಗಾಲಿನಲ್ಲಿ ನಡುಭಾಗದ ಮೂರು ಬೆರಳಗಲ ಅಂಚು ಮಸುಕಾಗಿತ್ತು, ಅಲ್ಲಿ ಒತ್ತಿದಾಗ ಅವಳು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಕುಂಟು ಇನ್ನೂ ಇರಲಿಲ್ಲ, ಆದರೂ ಗಾಯ ಆಗಲೇ ಇತ್ತು. ದಿನಕ್ಕೆ ಮೂರು ಸಲ, ಪ್ರತಿ ಸಲ ಇಪ್ಪತ್ತು ನಿಮಿಷ, ತೋಟದ ಕೆಳಗಿನ ಹಳ್ಳದ ತಣ್ಣೀರಿನಲ್ಲಿ ನಿಲ್ಲಿಸಿದೆವು, ಪ್ರತಿ ಸಲ ಹೊರಬಂದ ಮೇಲೆ ಇಂಬಳ ಹುಡುಕಿದೆವು. ಪೆಟ್ಟಿನ ಪೂರ್ಣ ಸ್ವರೂಪ ಮೊದಲ ದಿನಗಳಲ್ಲಿ ಸ್ಕ್ಯಾನಿಂಗ್‌ನಲ್ಲಿ ಕಾಣದಿರಬಹುದಾದ್ದರಿಂದ ವೈದ್ಯರು ಒಂದು ವಾರ ಬಿಟ್ಟು ಅಲ್ಟ್ರಾಸೌಂಡ್ ಮಾಡಿದರು. ಎಳೆಗಳು ಹರಿದಿರಲಿಲ್ಲ, ಊತವಷ್ಟೇ ಇತ್ತು. ಹರಿದಿದ್ದರೆ ಒಂದು ವರ್ಷದ ಮಾತಾಗುತ್ತಿತ್ತು.

ಇದರಿಂದ ನಮ್ಮ 'ದೋಷ ಹುಡುಕುವ ಕ್ರಮ'ದಲ್ಲಿ ಎರಡು ಬದಲಾವಣೆಗಳಾದವು. ಕಾಲು ಮುಟ್ಟುವ ಪರೀಕ್ಷೆ ಕಣದ ಓಟಕ್ಕಿಂತ ಮೊದಲಿಗೆ ಬಂತು, ಮತ್ತು ಯಾವುದೇ ಹೊಸ ಕೆಲಸದ ನಂತರ ಒಂದು ದಿನವಲ್ಲ, ಮೂರು ದಿನ ಅದನ್ನು ತಪ್ಪದೆ ಮಾಡುತ್ತೇವೆ. ಲಕ್ಷಣ ಕಂಡಾಗ ಜೀನು, ಲಾಳ, ಮೇವು, ದಾರಿ ಎಲ್ಲವನ್ನೂ ಒಟ್ಟಿಗೆ ಬದಲಿಸದೆ ಒಂದನ್ನೇ ಬದಲಿಸಿ ಐದು ದಿನ ಕಾಯುತ್ತೇವೆ, ಇಲ್ಲದಿದ್ದರೆ ವಾಸಿಯಾದರೂ ಯಾವುದರಿಂದ ವಾಸಿಯಾಯಿತೆಂದು ತಿಳಿಯದು. ಸವಾರರ ಸುರಕ್ಷತೆಗೂ ನಿಯಮಗಳಿವೆ: ಹೆಲ್ಮೆಟ್ ಇಲ್ಲದೆ ಜೀನು ಏರುವಂತಿಲ್ಲ, ಮೊದಲ ಹತ್ತು ಸವಾರಿ ಬೇಲಿಯೊಳಗೆ ಮತ್ತು ಇನ್ನೊಬ್ಬರ ಎದುರಿನಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ದಾರಿಗೆ ಹೋಗುವಾಗ ಮನೆಯಲ್ಲಿ ಹೇಳಿಯೇ ಹೋಗಬೇಕು. ಸಕಲೇಶಪುರ, ಆಲೂರು, ಮೂಡಿಗೆರೆಯ ತೋಟಗಳಲ್ಲಿ ಆನೆ ಓಡಾಡುವ ಹೊತ್ತಾದ ಮುಂಜಾವು ಮುಸ್ಸಂಜೆಗಳಲ್ಲಿ, ಬಿಡುವಿನಿಂದ ಬಂದ ಬೆದರುಗುದುರೆಯ ಮೇಲೆ ಹೊರಡುವುದನ್ನು ನಾವು ಬಿಟ್ಟಿದ್ದೇವೆ.

ಹಿರಿಯರು ಆ ಬಿಸಿಯನ್ನು ಗುರುತಿಸಿದ ದಿನದಿಂದ ನಾಲ್ಕು ವಾರ ಅವಳು ಕೈನಡಿಗೆಯಲ್ಲಿದ್ದಳು, ಆಮೇಲೆ ಮತ್ತೆ ಮೊದಲ ವಾರದಿಂದ ಲೆಕ್ಕ ಶುರುವಾಯಿತು. ಅಷ್ಟರಲ್ಲಿ ಕೊಯ್ಲು ಬಂದು ಕಣದ ತುಂಬ ಕಾಫಿ ಹರಡಿದ್ದರಿಂದ, ಈಗ ಓಟದ ಪರೀಕ್ಷೆಯನ್ನು ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ, ವಾಹನಗಳು ಬರುವ ಮೊದಲು, ತೋಟದ ಕಾರ್ಮಿಕರ ಲೈನ್ ಮನೆಗಳ ಮುಂದಿನ ಕಾಂಕ್ರೀಟ್ ರಸ್ತೆಯಲ್ಲಿ ಮಾಡುತ್ತಿದ್ದೇವೆ.